ಪಾಂಡವರ ಮನೆಯ ನೆತ್ತಿಯ ಮೇಲೆ ಕಟ್ಟಿಗೆ ತೋಪು

ಮೊಳಕಾಲ್ಮುರು ಕಡೆಯ ರೈತ ಓದುಗರೊಬ್ಬರ ಪತ್ರ: "ನನ್ನ 8 ಎಕರೆ ಖುಷ್ಕಿಯಲ್ಲಿ ಸುಬಾಬುಲ್, ಸರ್ವೆ ಮರ ನೆಡಿಸಿ, ಕಟ್ಟಿಗೆಯನ್ನು ವಿದ್ಯುತ್ ಘಟಕಕ್ಕೆ ಕೊಳ್ಳುತ್ತೇವೆಂದು ಕಂಪನಿಯೊಂದು ಕರಾರು ತಂದಿದೆ. ಗುಡ್ಡದ ಬುಡದ ಎರಡು ಎಕರೆಯಲ್ಲಿ ಊರವರು ಪಾಂಡವರ ಮನೆ ಎನ್ನುವ ಚಪ್ಪಡಿ ಗೂಡುಗಳು, ಕಲ್ಲಿನ ಸುತ್ತುಗಳು ಇವೆ. ಮರ ಬಂದರೆ ನೇಗಿಲು ನಿಲ್ಲುತ್ತದೆ, ಕಲ್ಲಿಗೆ ಇನ್ನೂ ಭದ್ರ ಎನ್ನುತ್ತಾರೆ. ಹೌದೇ? ಕಾನೂನಿನ ತೊಡಕು ಇದೆಯೇ? ಒಂದು ಗೂಡಿನ ಫೋಟೋ ಇಟ್ಟಿದ್ದೇನೆ."

ಉತ್ತರ: ಊರವರು ಪಾಂಡವರ ಮನೆ ಎನ್ನುವ ಇಂಥ ಗೂಡು, ಸುತ್ತುಗಳು ಕಬ್ಬಿಣ ಯುಗದ ಜನರ ಗೋರಿಗಳು. ಕಂಪನಿಯವರ ಮಾತು ಅರ್ಧ ನಿಜ. ವರ್ಷಾ ವರ್ಷಾ ಟ್ರ್ಯಾಕ್ಟರ್ ಹೊಡೆಯುವ ಹೊಲಕ್ಕಿಂತ ಕಾಡುನೆಲದಲ್ಲಿ ಹಳೆಯ ದಿಬ್ಬ, ಒಡ್ಡು, ಗೋರಿಗಳು ಹೆಚ್ಚು ಕಾಲ ಉಳಿಯುತ್ತವೆ. ಆದರೆ ಕಟ್ಟಿಗೆ ತೋಪನ್ನು ಕಾಡೆಂದು ಎಣಿಸಬೇಡಿ, ಅದೂ ಒಂದು ಬೆಳೆಯೇ. ಗುಂಡಿ ತೋಡಿ ನೆಡಬೇಕು, ಕೆಲವು ವರ್ಷಕ್ಕೊಮ್ಮೆ ಕಡಿದು ಲಾರಿಗೆ ತುಂಬಬೇಕು, ಕೂಳೆ ಚಿಗುರು ಸೊರಗಿದ ಮೇಲೆ ಬುಡ ಕೀಳಬೇಕು. ಗೋರಿ ಹಾಳಾಗುವುದು ಈ ಮೂರು ಕೆಲಸಗಳಲ್ಲಿ.

ನಿಮ್ಮ ಹೊಲವೇ ಏಕೆ ಬೇಕಾಯಿತು ಎಂಬುದಕ್ಕೂ ಲೆಕ್ಕವಿದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದೂಕಾಲು ಕಿಲೋ ಕಟ್ಟಿಗೆ ಹೋಗುತ್ತದೆ. ಬರೀ 1 ಮೆಗಾವಾಟ್ ಘಟಕ ವರ್ಷದ ಬಹುಪಾಲು ಓಡಬೇಕಾದರೆ ಎಂಟೊಂಬತ್ತು ಸಾವಿರ ಟನ್ ಬೇಕು. ಅಷ್ಟನ್ನು ನೀರಾವರಿ ಜಮೀನಿನಲ್ಲಿ ಬೆಳೆದರೆ ಗಿಟ್ಟುವುದಿಲ್ಲ. ಹಾಗಾಗಿ ಕಣ್ಣು ಬೀಳುವುದು ಗುಡ್ಡದಂಚಿನ ಕಲ್ಲುನೆಲ, ಗೋಮಾಳ, ಪಾಳು ಜಮೀನಿನ ಮೇಲೆ. ಕಬ್ಬಿಣ ಯುಗದ ಜನ ಗೋರಿ ಕಟ್ಟಿದ್ದೂ ಹೆಚ್ಚಾಗಿ ಇಂಥದೇ ಜಾಗದಲ್ಲಿ: ಚಪ್ಪಡಿ ಕೈಗೆ ಸಿಗುತ್ತದೆ, ಉಳುವ ನೆಲ ಹಾಳಾಗುವುದಿಲ್ಲ. ಪಹಣಿಯಲ್ಲಿ ಖರಾಬು ಎಂದಿದ್ದ ಮಾತ್ರಕ್ಕೆ ಅಲ್ಲಿ ಏನೂ ಇಲ್ಲವೆಂದಲ್ಲ.

ನಿಮ್ಮ ತಾಲ್ಲೂಕಿನದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಎರಡು ಬಗೆಯ ರಚನೆಗಳು ಸಿಕ್ಕವು. ಒಂದು, ನಾಲ್ಕು ಚಪ್ಪಡಿ ನಿಲ್ಲಿಸಿ, ಒಂದರ ಅಂಚು ಇನ್ನೊಂದನ್ನು ತಡೆಯುವಂತೆ ಜೋಡಿಸಿ, ಮೇಲೊಂದು ಮುಚ್ಚುಗಲ್ಲು ಹೇರಿದ ಗೂಡು. ಇನ್ನೊಂದು, ಕಲ್ಲಿನ ಸುತ್ತಿನ ನಡುವೆ ತೋಡಿದ ಗುಂಡಿ. ನಿಮಗೆ ತೊಂದರೆ ಕೊಡುವುದು ಈ ಎರಡನೆಯದು. ನೆಲದ ಮೇಲೆ ಉರುಟುಕಲ್ಲುಗಳ ಸಾಲು ಬಿಟ್ಟರೆ ಏನೂ ಕಾಣದು. ಸಸಿಗೆ ಗುಂಡಿ ತೋಡುವವರು ಕಲ್ಲನ್ನು ಪಕ್ಕಕ್ಕೆ ಉರುಳಿಸಿ ಮುಂದೆ ಹೋಗುತ್ತಾರೆ, ಅಲ್ಲಿಗೆ ಗುರುತೂ ಹೋಯಿತು.

ಎರಡು ಮೀಟರಿಗೊಂದು ಸಸಿ ಎಂದರೆ ಎಕರೆಗೆ ಸಾವಿರ ಗುಂಡಿ. ಆರು ಮೀಟರ್ ಅಡ್ಡಳತೆಯ ಒಂದೇ ಸುತ್ತಿನೊಳಗೆ ಏಳು ಗುಂಡಿ ಬೀಳುತ್ತವೆ, ಒಂದೊಂದೂ 45 ಸೆಂ.ಮೀ. ಉದ್ದ, ಅಗಲ, ಆಳ. ಇಳಿಜಾರಿಗೆ ಅಡ್ಡವಾಗಿ ಟ್ರೆಂಚ್ ಹೊಡೆದರಂತೂ ಸುತ್ತು ಎರಡು ಹೋಳು. ಆದರೂ ಗುಂಡಿಯ ಹಾನಿ ಗುಂಡಿಯಷ್ಟೇ. ಬುಡ ಕೀಳುವಾಗ ಆಗುವುದು ಅದಕ್ಕಿಂತ ಎಷ್ಟೋ ಹೆಚ್ಚು. ಜೆಸಿಬಿಯ ಹಲ್ಲು ಬುಡವನ್ನು ಎತ್ತುವಾಗ ಬೇರು ಹಿಡಿದ ಮಣ್ಣು, ಮಡಕೆ, ಮೂಳೆ, ಕಬ್ಬಿಣದ ತುಂಡು ಒಟ್ಟಿಗೇ ಮೇಲೆ ಬರುತ್ತವೆ. ಯಾವುದು ಯಾವ ಪದರದ್ದು ಎಂದು ಆಮೇಲೆ ಯಾರೂ ಹೇಳಲಾರರು. ಜೆಸಿಬಿ ಓಡಾಡುವ ದಿನಗಳು ನಿಧಿಗಳ್ಳರಿಗೂ ಅನುಕೂಲ ಎಂಬುದನ್ನು ಮರೆಯಬೇಡಿ.

ಬೆಂಕಿಯ ಮಾತು ಯಾರೂ ಎತ್ತುವುದಿಲ್ಲ. ಕಟಾವಾದ ಮೇಲೆ ಸೊಪ್ಪುಸದೆಯನ್ನು ಅಲ್ಲೇ ಗುಡ್ಡೆ ಹಾಕಿ ಸುಡುವುದು ರೂಢಿ. ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವುದು ಕಲ್ಲು ಒಡೆಯುವವರ ಹಳೆಯ ವಿದ್ಯೆ. ಗೋರಿಯ ಚಪ್ಪಡಿಗೆ ಅದೇ ಕಾವು ತಗುಲಿದರೆ ಅದೂ ಹೊಪ್ಪಳೆ ಏಳುತ್ತದೆ. ಮೇಲಾಗಿ ಇಂದಿನ ಇದ್ದಿಲು ಬಿರುಕಿನಲ್ಲಿ ಕೆಳಗಿಳಿದರೆ ಮುಂದೆ ಇಂಗಾಲದ ಕಾಲಮಾಪನಕ್ಕೆ ತೆಗೆಯುವ ಮಾದರಿಯೇ ಕೆಡುತ್ತದೆ.

ಕಾನೂನಿಗೆ ಬರೋಣ. 1958ರ ಕೇಂದ್ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿರ್ಮಾಣ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಆದರೆ ನಿರ್ಮಾಣ ಎಂದರೆ ಕಟ್ಟಡ. ಸಸಿ ನೆಡುವುದು ಅದರೊಳಗೆ ಬರುವುದಿಲ್ಲ. ಸಂರಕ್ಷಿತ ಪ್ರದೇಶದ ಒಳಗಾದರೆ 19ನೇ ಸೆಕ್ಷನ್ ಇದೆ: ಒಂದು ಅಡಿಗಿಂತ ಆಳ ಅಗೆಯದ ಬೇಸಾಯಕ್ಕೆ ಮಾತ್ರ ವಿನಾಯಿತಿ. 45 ಸೆಂ.ಮೀ. ಎಂದರೆ ಒಂದೂವರೆ ಅಡಿ, ಅನುಮತಿ ಬೇಕೇಬೇಕು. ಘಟಕದ ಕಡೆಯಿಂದಲೂ ತಡೆ ಕಡಿಮೆ. ಕಟ್ಟಿಗೆಯಂಥ ಜೀವರಾಶಿಯನ್ನು ಸುಡುವ 15 ಮೆಗಾವಾಟ್‌ವರೆಗಿನ ಘಟಕಗಳಿಗೆ, ಕಲ್ಲಿದ್ದಲಿನಂಥ ಪೂರಕ ಇಂಧನ ಶೇ. 15 ಮೀರದಿದ್ದರೆ, ಪೂರ್ವ ಪರಿಸರ ಅನುಮತಿಯೇ ಬೇಡ. ನಮ್ಮ ಇಂಥ ಬೃಹತ್ ಶಿಲಾ ಗೋರಿಗಳಲ್ಲಿ ಬಹುಪಾಲು ಸಂರಕ್ಷಿತ ಸ್ಮಾರಕಗಳ ಯಾವ ಪಟ್ಟಿಯಲ್ಲೂ ಇಲ್ಲ. ನಿಮ್ಮದೂ ಇರದಿದ್ದರೆ ಮರ ನೆಡದಂತೆ ತಡೆಯುವವರು ನೀವೇ.

ನಮ್ಮ ಸಲಹೆ: ಎರಡು ಎಕರೆ ಬಿಟ್ಟು ಆರು ಎಕರೆಗೆ ಮಾತ್ರ ಕರಾರು ಮಾಡಿ. ಗಡಿ ಹಾಕುವ ಮೊದಲು ಬೇಸಿಗೆಯಲ್ಲಿ, ಹುಲ್ಲು ಒಣಗಿದಾಗ, ಸಂಜೆಯ ಓರೆ ಬಿಸಿಲಿನಲ್ಲಿ ಹೊಲ ಸುತ್ತಿ. ಮಧ್ಯಾಹ್ನ ಕಾಣದ ಸುತ್ತುಗಳು ಆಗ ನೆರಳಿನಿಂದ ಎದ್ದು ಕಾಣುತ್ತವೆ. ಪ್ರತಿಯೊಂದಕ್ಕೂ ಸುಣ್ಣದ ಗುರುತು ಹಾಕಿ, ಮೊಬೈಲಿನಲ್ಲಿ ಸ್ಥಳದ ಅಂಕಿ ಸಹಿತ ಫೋಟೋ ತೆಗೆದು, ರಾಜ್ಯ ಪುರಾತತ್ವ ಇಲಾಖೆಗೆ ಲಿಖಿತವಾಗಿ ಕಳಿಸಿ. ಕಟ್ಟಕಡೆಯ ಸುತ್ತಿನ ಹೊರಗೆ ಹತ್ತು ಮೀಟರಾದರೂ ಹುಲ್ಲುನೆಲ ಇರಲಿ. ಸರ್ವೆಯ ಮೇಲ್ಬೇರು ಹರಿಯುವುದಕ್ಕೂ ಗಾಳಿಗೆ ಮರ ಬುಡಮೇಲಾಗುವುದಕ್ಕೂ ಅಷ್ಟು ಜಾಗ ಬೇಕು. ಕಟಾವು ಫೆಬ್ರವರಿಯಿಂದ ಏಪ್ರಿಲ್ ನಡುವೆ ಆಗಲಿ. ಹಸಿ ಮಣ್ಣಿನಲ್ಲಿ ತುಂಬಿದ ಲಾರಿಯ ಚಕ್ರ ಗುಂಡಿಗಿಂತ ಆಳ ಇಳಿಯುತ್ತದೆ. ಹಾಸುಬಂಡೆ ಗಟ್ಟಿಯಿದೆಯೆಂದು ಲಾರಿಯನ್ನು ಅಲ್ಲಿಗೆ ಹತ್ತಿಸಬೇಡಿ. ಬಳ್ಳಾರಿ ಸೀಮೆಯ ಬಂಡೆಗಳ ಮೇಲೆ ನವಶಿಲಾಯುಗದವರು ಕಲ್ಲಿನ ಕೊಡಲಿ ಮಸೆದ ತಗ್ಗುಗಳಿವೆ, ನಿಮ್ಮಲ್ಲೂ ಇದ್ದೀತು.

ಕರಾರಿನಲ್ಲಿ ಎರಡು ಮಾತು ಬರೆಸಿಕೊಳ್ಳಿ: ಅವಧಿ ಮುಗಿದಾಗ ಬುಡ ಕೀಳದೆ ನೆಲಮಟ್ಟಕ್ಕೆ ಕಡಿದು ಬಿಡುವುದು, ಹೊಲದಲ್ಲಿ ಸದೆ ಸುಡದಿರುವುದು. ಕಪ್ಪು-ಕೆಂಪು ಮಡಕೆ, ಮಣಿ, ಕಬ್ಬಿಣ ಸಿಕ್ಕರೆ ತೊಳೆಯದೆ, ಎತ್ತದೆ, ಮಣ್ಣು ಮುಚ್ಚಿ ತಹಶೀಲ್ದಾರರಿಗೆ ತಿಳಿಸಿ.

ಇನ್ನು ನಿಮ್ಮ ಫೋಟೋ. ಪೂರ್ವದ ಚಪ್ಪಡಿಯ ಕಿಂಡಿಯಿಂದ ಬೇವಿನ ಬೇರು ಹೊರಬಂದು, ತೋಳಿನಷ್ಟು ದಪ್ಪವಾಗಿ, ಚಪ್ಪಡಿಯನ್ನು ಹೊರಕ್ಕೆ ವಾಲಿಸಿದೆ. ಈ ಮರವನ್ನು ಕಟ್ಟಿಗೆಗೆಂದು ಕಡಿಯಬಹುದು, ಕಡಿಯುವುದೇ ಒಳ್ಳೆಯದು. ಆದರೆ ಹಗ್ಗ ಹಾಕಿ ಎಳೆಯಬೇಡಿ. ಮೊದಲು ಕೊಂಬೆ ಸವರಿ ಭಾರ ಇಳಿಸಿ, ಚಪ್ಪಡಿಗೆ ಹೊರಗಿನಿಂದ ಮರಳು ಚೀಲ ಒತ್ತರಿಸಿ, ಬಳಿಕ ಕಾಂಡವನ್ನು ಮೇಲಿಂದ ತುಂಡು ತುಂಡಾಗಿ ಇಳಿಸಿ. ಹಸಿ ಬುಡಕ್ಕೆ ಅಂದೇ ಕಳೆನಾಶಕ ಹಚ್ಚಿದರೆ ಮತ್ತೆ ಚಿಗುರದು. ಬೇರನ್ನು ಕೀಳಬೇಡಿ. ಈಗ ಮುಚ್ಚುಗಲ್ಲಿನ ಅರ್ಧ ಭಾರ ಅದರ ಮೇಲಿರುವಂತೆ ಕಾಣುತ್ತದೆ. ಅದು ಕೊಳೆಯುವಷ್ಟರಲ್ಲಿ ಇಲಾಖೆಯವರು ಬಂದು ಕಲ್ಲಿಗೆ ಆನಿಕೆ ಕೊಡಬೇಕು. ಅರ್ಜಿಯಲ್ಲಿ ಇದನ್ನೇ ಮೊದಲು ಬರೆಯಿರಿ.