ಆಣೆ ಬಿಡಿಸಿದ ದಿನ

ಮಕ್ಕಳ ಬಾಯಲ್ಲಿ ಸಾವಿನ ಮಾತು ಬಂದ ಕೂಡಲೇ ಗಾಬರಿಯಾಗಿ ಆಣೆ ಇಡಿಸಿಕೊಳ್ಳುವ ತಂದೆತಾಯಿಯರನ್ನು ಮೇಲಿಂದ ಮೇಲೆ ಕಾಣುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಶಿಡ್ಲಘಟ್ಟದ ಕಡೆಯ, ರೇಷ್ಮೆ ಹುಳು ಸಾಕುವ ಮನೆಯ ಹುಡುಗ, ವಯಸ್ಸು 19. ಕಾಲೇಜು ಬಿಟ್ಟು ಮನೆಯಲ್ಲೇ ಉಳಿದಿದ್ದ. ಮನೆಯವರು ಅದನ್ನು ಸೋಮಾರಿತನವೆಂದುಕೊಂಡಿದ್ದರು. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದು, ಇಷ್ಟವಾಗಿದ್ದುದೂ ಬೇಡವಾಗಿ, ನಿದ್ದೆ ಹಸಿವುಗಳು ಏರುಪೇರಾದರೆ ಅದು ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆಯಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಮೊದಲೆರಡು ಭೇಟಿಗಳಲ್ಲಿ ಅವನು "ಏನಿಲ್ಲ ಮೇಡಂ" ಎನ್ನುವುದರಾಚೆಗೆ ಮಾತನಾಡಲಿಲ್ಲ. ಮೂರನೆಯ ಸಲ ಹುಳುಮನೆಯ ಕೆಲಸವನ್ನು ವಿಚಾರಿಸಿದೆ. ನಾಲ್ಕನೇ ಜ್ವರ, ಅಂದರೆ ಮೇಯುವುದು ಬಿಟ್ಟು ಪೊರೆ ಕಳಚುವ ಹಂತ, ಮುಗಿಸಿ ಎದ್ದ ಹುಳುಗಳು ಸೊಪ್ಪು ಮೇಯುವಾಗ ಸೋನೆಮಳೆ ಹಿಡಿದಂತೆ ಸದ್ದಾಗುತ್ತದೆ. ಚಿಕ್ಕಂದಿನಿಂದ ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದವನು, "ಈಗಲೂ ಕೇಳಿಸುತ್ತೆ, ಆದರೆ ಏನೂ ಅನ್ನಿಸಲ್ಲ" ಎಂದ. ಆಗ ನಾನು "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿಯೇ ಕೇಳಿದೆ. ಬೆರಳಿಗೆ ಹತ್ತಿದ್ದ ಸೊಪ್ಪಿನ ಕರೆಯನ್ನು ಬಹಳ ಹೊತ್ತು ಉಜ್ಜುತ್ತ ಕುಳಿತಿದ್ದು, "ಅದನ್ನ ಹೇಳೋ ಹಾಗಿಲ್ಲ. ಅಮ್ಮನ ಆಣೆ ಇದೆ" ಎಂದ.

ಆರು ವಾರಗಳ ಹಿಂದೆ ಅವನು ತಾಯಿಯ ಬಳಿ ಒಮ್ಮೆ ಬಾಯಿಬಿಟ್ಟಿದ್ದ. ಇನ್ನೊಂದು ಸಲ ಆ ಮಾತೆತ್ತಿದರೆ ನನ್ನ ಹೆಣ ನೋಡಿದ ಹಾಗೆ ಎಂದು ಆಕೆ ಆಣೆ ಇಡಿಸಿದ್ದರು. ಅಂದಿನಿಂದ ಅವನು ಆ ಯೋಚನೆಯ ಜೊತೆ ಒಬ್ಬನೇ ಇದ್ದ.

ಜೀವಕ್ಕೆ ಅಪಾಯವಿರುವಲ್ಲಿ ಗುಟ್ಟು ಕಾಯುವುದಿಲ್ಲವೆಂದು ಮೊದಲ ದಿನವೇ ಅವನಿಗೆ ತಿಳಿಸಿದ್ದೆ. ಅವನೆದುರಿಗೇ ತಾಯಿಯನ್ನು ಒಳಗೆ ಕರೆದು, ಆಣೆ ಬಿಡಿಸಿರೆಂದು ಕೇಳಿದೆ. "ಸಾಯೋಕೆ ಅಪ್ಪಣೆ ಕೊಡು ಅಂತೀರಾ?" ಎಂದು ಆಕೆ ಎದ್ದುನಿಂತರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ನನ್ನ ಮಾತು ತಪ್ಪೆಂದು ಇಂದಿಗೂ ಅನ್ನಿಸಿಲ್ಲ. ಸಾಯುವುದಿಲ್ಲವೆಂದು ಬರೆಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ನಮ್ಮ ವೃತ್ತಿಯಲ್ಲೂ ಇತ್ತು. ಅದರಿಂದ ಜೀವ ಉಳಿಯುತ್ತದೆ ಎನ್ನಲು ಆಧಾರ ಸಿಗದೆ, ಸಂಕಟ ಬಂದಾಗ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವ ಸುರಕ್ಷತಾ ಯೋಜನೆ ಅದರ ಜಾಗಕ್ಕೆ ಬಂದಿದೆ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯಕ್ಕೂ ಆಧಾರವಿಲ್ಲ. ಕೇಳಿಸಿಕೊಳ್ಳುವವರಿದ್ದಾರೆಂದು ತಿಳಿದರೆ ಎಷ್ಟೋ ಮಕ್ಕಳಿಗೆ ಭಾರ ಇಳಿಯುತ್ತದೆ.

ಅವನ ಕೈಯಲ್ಲೇ ಹಾಳೆಯ ಮೇಲೆ ಬರೆಸಿದೆ: ಕಷ್ಟವೆನಿಸುವ ಹೊತ್ತು ಯಾವುದು, ಆಗ ಎಲ್ಲಿ ಹೋಗಿ ಕೂರುವುದು, ಅಮ್ಮನಾದ ಮೇಲೆ ಯಾರಿಗೆ ಹೇಳುವುದು. ಕೊನೆಗೆ ಹಗಲಿರುಳೂ ಉಚಿತವಾಗಿ ಸಿಗುವ, ಕನ್ನಡದಲ್ಲೂ ಮಾತನಾಡುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ತೋಟದ ಔಷಧಿಗಳನ್ನೆಲ್ಲ ಸೋದರಮಾವನ ಮನೆಗೆ ಸಾಗಿಸಿ ಬೀಗ ಹಾಕಲು ಮನೆಯವರಿಗೆ ಹೇಳಿದೆ. ಯೋಚನೆ ಉಕ್ಕಿ ಬರುವ ಗಳಿಗೆ ಹಲವರಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಆ ಗಳಿಗೆಯಲ್ಲಿ ಅಪಾಯದ ವಸ್ತು ಕೈಗೆ ಸಿಗದಿರುವುದೇ ದೊಡ್ಡ ರಕ್ಷಣೆ. ಅಂದೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳಿಸಿದೆ. ಮಾತ್ರೆ ಪೂರ್ತಿ ಹಿಡಿಯಲು ಕೆಲವು ವಾರ ಬೇಕು, ಗುಣ ಕಂಡ ಕೂಡಲೇ ತಾವಾಗಿ ನಿಲ್ಲಿಸಬಾರದೆಂದು ತಂದೆಗೆ ಎರಡು ಸಲ ಹೇಳಿದೆ.

ಹೊರಡುವ ಮುನ್ನ ತಾಯಿ ಮಗನ ತಲೆಯ ಮೇಲೆ ಕೈಯಿಟ್ಟರು. "ಆಣೆ ಬಿಟ್ಟೆ. ಎಷ್ಟು ಹೊತ್ತಾಗಿದ್ರೂ ಎಬ್ಬಿಸು."

ಹನ್ನೊಂದನೆಯ ದಿನ ರಾತ್ರಿ ಎರಡು ಗಂಟೆಗೆ ಅವನು ಎಬ್ಬಿಸಿದ. ಇಬ್ಬರೂ ಬೆಳಗಿನವರೆಗೆ ಹುಳುಮನೆಯಲ್ಲಿ ಕುಳಿತಿದ್ದರಂತೆ.