ಗೊಬ್ಬರ ತಿಪ್ಪೆಯಲ್ಲೇ ಇರಲಿ, ಮೇಷ್ಟ್ರೇ

ಓದುಗರ ಪತ್ರ: ನಾನು ಮಾಲೂರು ಕಡೆಯವನು, ನಿವೃತ್ತ ಶಾಲಾ ಮೇಷ್ಟ್ರು. ಮನೆ ಹಿಂದಿನ ಐದು ಗುಂಟೆಯಲ್ಲಿದ್ದ ನೀಲಗಿರಿ ಕಡಿಸಿದ್ದೇನೆ. ಯುಗಾದಿ ಹೊತ್ತಿಗೆ ತರಕಾರಿ ಹಾಕುವ ಆಸೆ. ಒಂದು ಟ್ರ್ಯಾಕ್ಟರ್ ಲೋಡು ಹಸಿ ಸಗಣಿ ತರಿಸಿದ್ದೇನೆ. ಇಂಗ್ಲೆಂಡಿನವರ ಒಂದು ವಿಡಿಯೊ ನೋಡಿದೆ. ಚಳಿಗಾಲಕ್ಕೆ ಮುಂಚೆ ಸಗಣಿಯನ್ನು ನೆಲದ ಮೇಲೆ ದಪ್ಪಗೆ ಹರಡಿ, ಮೇಲೆ ರಟ್ಟು ಮುಚ್ಚಿ ಬಿಟ್ಟರೆ ಮಾರ್ಚ್ ಹೊತ್ತಿಗೆ ಮಣ್ಣು ತಾನೇ ಹದವಾಗುತ್ತದಂತೆ. ನಾನೂ ಹಾಗೇ ಮಾಡಲೇ? ಪಕ್ಕದವರು ಕೋಳಿ ಗೊಬ್ಬರವೇ ಒಳ್ಳೆಯದು ಅನ್ನುತ್ತಾರೆ. ಏನು ಮಾಡಲಿ?

ಉತ್ತರ:

ಮೇಷ್ಟ್ರೇ, ನಮಸ್ಕಾರ. ಸಗಣಿಯನ್ನು ಇನ್ನೂ ಹರಡಿಲ್ಲ ತಾನೇ? ಹರಡಬೇಡಿ.

ವಿಡಿಯೊದವರು ಹೇಳಿದ್ದು ಸುಳ್ಳಲ್ಲ. ಅವರ ಊರಿಗೆ ಅದು ಸರಿ. ಅಲ್ಲಿ ಚಳಿಗಾಲ ಅಂದರೆ ಸದಾ ಒದ್ದೆ. ಆಗಾಗ ಮಳೆ ಬರುತ್ತದೆ, ನೆಲ ಹೆಪ್ಪುಗಟ್ಟುತ್ತದೆ, ಮತ್ತೆ ಕರಗುತ್ತದೆ. ಹಾಗೆ ಆಗಿ ಆಗಿ ಹೆಂಟೆಗಳು ತಾವೇ ಒಡೆಯುತ್ತವೆ. ಎರೆಹುಳುಗಳು ಗೊಬ್ಬರವನ್ನು ಒಳಗೆ ಎಳೆದುಕೊಳ್ಳುತ್ತವೆ. ನಮ್ಮ ಕೋಲಾರದ ಚಳಿಗಾಲ ಬೇರೆ. ರಾಗಿ ಕೊಯ್ಲು ಮುಗಿದ ಮೇಲೆ ಮಳೆ ಇಲ್ಲ. ಬೆಳಿಗ್ಗೆ ಒಂದಿಷ್ಟು ಇಬ್ಬನಿ, ಹತ್ತು ಗಂಟೆಗೆಲ್ಲ ಬಿಸಿಲು. ನೆಲ ಹೆಪ್ಪುಗಟ್ಟುವ ಮಾತೇ ಇಲ್ಲ. ಹರಡಿದ ಸಗಣಿ ಇಲ್ಲಿ ಕೊಳೆಯುವುದಿಲ್ಲ, ಒಣಗುತ್ತದೆ. ಒಣಗುವಾಗ ಅದರಲ್ಲಿದ್ದ ಸಾರಜನಕದಲ್ಲಿ ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಹಸಿ ಸಗಣಿಯಿಂದ ಮೂಗಿಗೆ ಬಡಿಯುವ ಘಾಟು ಅದೇ.

ರಟ್ಟಿನ ಮಾತಂತೂ ಬಿಟ್ಟೇಬಿಡಿ. ನಮ್ಮ ಕೆಂಪು ಮಣ್ಣಿನಲ್ಲಿ ಒಂದು ತಿಂಗಳು ಬಿದ್ದಿದ್ದ ಒಣ ಸಗಣಿಯ ಹೆಂಟೆಯನ್ನು ಜನವರಿಯಲ್ಲಿ ಎತ್ತಿ ನೋಡಿ. ಅಡಿಯಲ್ಲಿ ಕೆಂಪು ಮಣ್ಣಿನ ತೆಳು ಪದರ ಅಂಟಿಕೊಂಡಿರುತ್ತದೆ. ಅದನ್ನು ಉಗುರಲ್ಲಿ ಕೆರೆದರೆ ಒಳಗೆ ಬಿಳಿ ಗೆದ್ದಲು ಹರಿದಾಡುತ್ತಿರುತ್ತದೆ. ಮೇಲೆ ನೋಡಿದರೆ ಗಟ್ಟಿ ಸಗಣಿ, ಒಳಗೆ ಬರೀ ಟೊಳ್ಳು. ಅದರ ಮೇಲೆ ರಟ್ಟನ್ನೂ ಹಾಸಿದರೆ ಗೆದ್ದಲಿಗೆ ಹಬ್ಬ. ಬೇಸಿಗೆಯ ಮೊದಲ ಮಳೆ ಬಿದ್ದಾಗ ದುಂಬಿಗಳು ಹೊರಗೆ ಬಂದು ಮೊಟ್ಟೆ ಇಡುವುದು ಇಂಥ ಅರೆಬೆಂದ ಗೊಬ್ಬರ ಇರುವ ಕಡೆಗೇ ಜಾಸ್ತಿ. ಆಮೇಲೆ ಆ ಮೊಟ್ಟೆಯೊಡೆದು ಬಂದ ಗೊಣ್ಣೆಹುಳ ಬೇರು ಕಡಿಯಿತು ಅಂತ ಇನ್ನೊಂದು ಪತ್ರ ಬರೆಯಬೇಕಾಗುತ್ತದೆ!

ಹಾಗಾಗಿ ಈ ಮೂರು ತಿಂಗಳು ಸಗಣಿ ತಿಪ್ಪೆಯಲ್ಲಿ ಕಳಿಯಲಿ. ನೆಲದ ಕೆಲಸ ಬೇರೆ ನಡೆಯಲಿ.

ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳದ ಗುಂಡಿ ನಿಮ್ಮ ಒಂದು ಲೋಡಿಗೆ ಸಾಕು. ನೆರಳಿದ್ದರೆ ಒಳ್ಳೆಯದು. ಒಂದು ಅಡಿ ಸಗಣಿ, ಮೇಲೆ ನಾಲ್ಕು ಬೆರಳು ದಪ್ಪ ಒಣ ಸೊಪ್ಪು ಅಥವಾ ಅವರೆ ಹೊಟ್ಟು, ಮತ್ತೆ ಸಗಣಿ. ರಾಗಿ ಹುಲ್ಲು ಹಾಕಿ ಅಂತ ನಾನು ಹೇಳುವುದಿಲ್ಲ. ಹಾಲು ಕರೆಯುವ ಜಿಲ್ಲೆಯಲ್ಲಿ ಆ ಮಾತು ಆಡಿದರೆ ಬೈಸಿಕೊಳ್ಳಬೇಕಾಗುತ್ತದೆ. ಗಂಜಲ ಸಿಕ್ಕರೆ ಚಿಮುಕಿಸಿ. ಕೊನೆಗೆ ಮೇಲೆ ಮಣ್ಣು, ಸಗಣಿ ಕಲಸಿ ಸಾರಿಸಿ.

ನೀರಿನ ಹದವೇ ಇಲ್ಲಿ ಮುಖ್ಯ. ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ಹಿಂಡಿ. ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನಾಲ್ಕೈದು ದಿನ ಬಿಟ್ಟು ಒಂದು ಕಬ್ಬಿಣದ ಸರಳನ್ನು ಮಧ್ಯಕ್ಕೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆಯಿರಿ. ತುದಿ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಹೊರಗೆ ಧನುರ್ಮಾಸದ ಚಳಿ ಇದ್ದರೂ ಒಳಗೆ 55ರಿಂದ 65 ಡಿಗ್ರಿ ಕಾವು ಏರುತ್ತದೆ. ಕಾಂಗ್ರೆಸ್ ಗಿಡ, ಅಣ್ಣೆಸೊಪ್ಪಿನಂಥ ಕಳೆಗಳ ಬೀಜ ಸಾಯುವುದು ಈ ಕಾವಿಗೇ. ಸರಳು ತಣ್ಣಗಿದ್ದರೆ ಒಂದೋ ನೀರು ಸಾಲದು, ಇಲ್ಲವೇ ಜಾಸ್ತಿಯಾಗಿದೆ. ತಿಂಗಳಿಗೊಮ್ಮೆ ಅಂಚಿನದನ್ನು ಒಳಕ್ಕೆ, ಒಳಗಿನದನ್ನು ಹೊರಕ್ಕೆ ಮಗುಚಿ. ಮಗುಚುವಾಗ ಬಿಳಿ ದಪ್ಪ ಹುಳ ಕಂಡರೆ ಆರಿಸಿ ಕೋಳಿಗೆ ಹಾಕಿ.

ಗೊಬ್ಬರ ಕಳಿತಿದೆಯೋ ಇಲ್ಲವೋ ಅನ್ನುವ ಅನುಮಾನ ಬಂದರೆ ಒಂದು ತೆಂಗಿನ ಚಿಪ್ಪಿಗೆ ತುಂಬಿ, ನೀರು ಚಿಮುಕಿಸಿ, ಮೇಲೆ ಒಂದು ಚಿಟಿಕೆ ರಾಗಿ ಉದುರಿಸಿ ಕಿಟಕಿಯಲ್ಲಿಡಿ. ಒಂದು ವಾರದಲ್ಲಿ ರಾಗಿ ಹಸಿರಾಗಿ ಎದ್ದು ಬಂದರೆ ಗೊಬ್ಬರ ಹದವಾಗಿದೆ. ಮೊಳಕೆ ಸುಟ್ಟುಹೋದರೆ, ಇಲ್ಲಾ ರಾಗಿಗಿಂತ ಕಳೆಯೇ ಜಾಸ್ತಿ ಬಂದರೆ, ಇನ್ನೂ ಕೆಲವು ವಾರ ಬಿಡಿ.

ಲೆಕ್ಕ ಹೀಗೆ. ತರಕಾರಿಗೆ ಹೆಕ್ಟೇರಿಗೆ 25 ಟನ್, ಅಂದರೆ ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಎನ್ನುವುದು ಸಾಮಾನ್ಯ ಶಿಫಾರಸು. ಗುಂಟೆಗೆ 250 ಕಿಲೋ ಬಿತ್ತು. ನಿಮ್ಮ ಐದು ಗುಂಟೆಗೆ ಒಂದೂಕಾಲು ಟನ್. ಒಂದು ಲೋಡು ಎರಡೂವರೆ ಟನ್ ಅಂದುಕೊಂಡರೂ ಕಳಿತ ಮೇಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿಗೆ ಸರಿಹೋಯಿತಲ್ವಾ? ನೀಲಗಿರಿ ಇದ್ದ ನೆಲವಾದ್ದರಿಂದ ಮೊದಲ ವರ್ಷ ಇನ್ನಷ್ಟು ಸಿಕ್ಕರೂ ಬೇಡ ಅನ್ನಬೇಡಿ.

ಇನ್ನು ನೆಲ. ನೀಲಗಿರಿ ಬೊಡ್ಡೆಗಳನ್ನು ಬೇರು ಸಮೇತ ಕೀಳಿಸಿ. ಬಿಟ್ಟರೆ ಮತ್ತೆ ಚಿಗುರುತ್ತವೆ, ನೀವು ಹಾಕಿದ ಗೊಬ್ಬರವನ್ನೂ ನೀರನ್ನೂ ಮೊದಲು ಅವೇ ಕುಡಿಯುತ್ತವೆ. ಉದುರಿದ ಎಲೆಯನ್ನು ಹಸಿಯಾಗಿ ಮಣ್ಣಿಗೆ ಸೇರಿಸಬೇಡಿ. ಅದರಲ್ಲಿರುವ ಎಣ್ಣೆ ಬೀಜದ ಮೊಳಕೆಗೆ ಆಗುವುದಿಲ್ಲ. ಆಮೇಲೆ ಒಂದು ಸಲ ನೀರು ಕೊಟ್ಟು, ಹದ ನೋಡಿ ಉಳುಮೆ ಮಾಡಿಸಿ. ಬೋರ್‌ವೆಲ್‌ನಲ್ಲಿ ನೀರಿದ್ದರೆ ಅಲಸಂದೆಯನ್ನು ಒತ್ತೊತ್ತಾಗಿ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಅಲ್ಲೇ ಕೊಚ್ಚಿ ಮಣ್ಣಿಗೆ ಸೇರಿಸಿ. ಇಲ್ಲಿ ಬೇರು ಮಾಡುವ ಕೆಲಸವನ್ನು ಯಾವ ಗುದ್ದಲಿಯೂ ಮಾಡಲ್ಲ. ಕೊಚ್ಚಿ ಸೇರಿಸಿದ ಅಲಸಂದೆ ಕೊಳೆಯಲು ಎರಡು ಮೂರು ವಾರ ಬೇಕು, ಯುಗಾದಿಯಿಂದ ಹಿಂದಕ್ಕೆ ಲೆಕ್ಕ ಹಾಕಿ. ನೀರಿಲ್ಲದಿದ್ದರೆ ಬಲವಂತ ಬೇಡ. ಹೊಂಗೆ ಎಲೆ ಉದುರುವ ಕಾಲ ಬರುತ್ತಿದೆ, ಗುಡಿಸಿ ತಂದು ಹಾಸಿ.

ಕೋಳಿ ಗೊಬ್ಬರ ಕೆಟ್ಟದ್ದಲ್ಲ, ಖಾರ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಅರ್ಧ ಪರ್ಸೆಂಟ್ ಇದ್ದರೆ ಅದರಲ್ಲಿ ಹಲವು ಪಟ್ಟು ಇರುತ್ತದೆ. ಹಸಿಯಾಗಿ ಹಾಕಿದರೆ ಸಸಿ ಸುಡುತ್ತದೆ. ಎರಡು ಮೂರು ಮೂಟೆ ತಂದು ತಿಪ್ಪೆಗೇ ಸೇರಿಸಿ, ಪಕ್ಕದವರಿಗೂ ಸಮಾಧಾನ. ಶಿಡ್ಲಘಟ್ಟದ ಕಡೆ ನೆಂಟರಿದ್ದು ರೇಷ್ಮೆ ಹುಳುಮನೆ ಕಸ ಕೊಡುತ್ತೇವೆಂದರೆ ಅದನ್ನೂ ಹೀಗೇ ಕಳಿಯಲು ಬಿಟ್ಟು ಬಳಸಬಹುದು.

ಇನ್ನೊಂದು ಮಾತು, ಗೊಬ್ಬರ ಬೀಳುವ ಮುಂಚೆಯೇ ಮಣ್ಣಿನ ಸ್ಯಾಂಪಲ್ ತೆಗೆಯಿರಿ. ನಾಲ್ಕೈದು ಕಡೆ ಆರು ಇಂಚು ಆಳದವರೆಗೆ ಕೆರೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕಟ್ಟಿಕೊಂಡು ಕೋಲಾರದ ಪಕ್ಕದ ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿ ಪರೀಕ್ಷೆಗೆ ಕೊಟ್ಟು ಬನ್ನಿ.

ಮಾರ್ಚ್‌ನಲ್ಲಿ, ನಾಟಿಗೆ ಹತ್ತು ಹದಿನೈದು ದಿನ ಮುಂಚೆ, ಗೊಬ್ಬರ ಹೊತ್ತು ಹಾಕಿದ ದಿನವೇ ಸಂಜೆಯೊಳಗೆ ಮಣ್ಣಿಗೆ ಬೆರೆಸಿಬಿಡಿ. ಗುಡ್ಡೆ ಗುಡ್ಡೆಯಾಗಿ ವಾರಗಟ್ಟಲೆ ಬಿಸಿಲಿಗೆ ಬಿಡುವ ಅಭ್ಯಾಸ ನಮ್ಮ ಕಡೆ ಬಹಳ ಇದೆ, ಸುಮ್ನೆ ನಷ್ಟ. ಮೊದಲ ಬೆಳೆಗೆ ಬೆಂಡೆ, ಹೀರೆ, ಸೌತೆ, ಕುಂಬಳ ಹಾಕಿ. ಕ್ಯಾರೆಟ್, ಮೂಲಂಗಿ ಈ ವರ್ಷ ಬೇಡ. ಹೊಸ ನೆಲದ ಗಟ್ಟಿ ಹೆಂಟೆಯಲ್ಲಿ ಅವು ಕವಲೊಡೆಯುತ್ತವೆ.