ತಮ್ಮನಿಗೆ ರಕ್ಷಣೆ ಸಿಕ್ಕಿತು, ಅಮ್ಮನ ಬಳೆ?

ಪ್ರಶ್ನೆ: ನಾನು ಹುಬ್ಬಳ್ಳಿಯವಳು, 47 ವರ್ಷ, ಶಾಲಾ ಶಿಕ್ಷಕಿ, ಮದುವೆಯಾಗಿಲ್ಲ. ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಪಾದ್ರಿಗಳ ಕಾಲದ ಕ್ರೈಸ್ತ ಮನೆತನ. ಲಕ್ವಾ ಹೊಡೆದ ಅಪ್ಪನನ್ನು ನಾಲ್ಕು ವರ್ಷ, ಆಮೇಲೆ ಅಮ್ಮನನ್ನು ಏಳು ವರ್ಷ ನಾನೊಬ್ಬಳೇ ನೋಡಿಕೊಂಡೆ. ತಮ್ಮ ಅಮ್ಮನ ನಾಲ್ಕು ಬಳೆ ಗಿರವಿ ಇಟ್ಟು ಕುಡಿದ. ಪುಣೆಗೆ ಹೋದವನು ಇಬ್ಬರ ಮಣ್ಣಿಗೂ ಬರಲಿಲ್ಲ. ಈಗ ಯಾವುದೋ ಹೊಸ ಸಭೆಗೆ ಸೇರಿ, ಮುಳುಗಿ ದೀಕ್ಷಾಸ್ನಾನ ತೆಗೆದುಕೊಂಡು ವಾಪಸ್ ಬಂದಿದ್ದಾನೆ. ಎಂಟು ತಿಂಗಳಿಂದ ಕುಡಿದಿಲ್ಲ. ಹೋದಲ್ಲೆಲ್ಲ ಸಾಕ್ಷಿ ಹೇಳುತ್ತಾನೆ, ಅಂದರೆ ದೇವರು ತನ್ನನ್ನು ಬದಲಿಸಿದ ಕತೆ ಹೇಳುತ್ತಾನೆ, ಜನ ಕಣ್ಣೊರೆಸಿಕೊಳ್ಳುತ್ತಾರೆ. ಮೊನ್ನೆ ಪೇಢೆ ಡಬ್ಬಿ ಹಿಡಿದು ಮನೆಗೆ ಬಂದವನು, "ಅಕ್ಕಾ, ನೀನು ಯಾವ ದಿನ ರಕ್ಷಣೆ ಹೊಂದಿದೆ?" ಎಂದು ಕೇಳಿದ. ನನಗೆ ಹೇಳಲು ತಾರೀಖಿಲ್ಲ. "ನೀನು ಒಳ್ಳೆಯವಳು ಅಷ್ಟೇ, ಅದರಿಂದ ಪರಲೋಕ ಸಿಗಲ್ಲ" ಅಂದ. ಬಳೆಯ ಮಾತೆತ್ತಿದರೆ, "ದೇವರು ಕ್ಷಮಿಸಿಬಿಟ್ಟಿದ್ದಾನೆ, ಹಳೆಯದನ್ನು ಕೆದಕಬೇಡ" ಅಂದ. ಮುಂದಿನ ತಿಂಗಳು ನಮ್ಮ ದೇವಾಲಯದಲ್ಲೇ ಅವನ ಸಾಕ್ಷಿ. ಸಭಾಪಾಲಕರು ನನ್ನನ್ನು ಮುಂದಿನ ಬೆಂಚಿನಲ್ಲಿ ಕೂರಲು ಹೇಳಿದ್ದಾರೆ. ನನ್ನ ಹನ್ನೊಂದು ವರ್ಷ ದಂಡವೇ? ನನಗೆ ರಕ್ಷಣೆ ಇಲ್ಲವೇ? ಬಳೆಯ ಗಿರವಿ ಚೀಟಿ ಇನ್ನೂ ಅಮ್ಮನ ಬೈಬಲಿನೊಳಗಿದೆ. ಹರಿದು ಹಾಕಲೇ?

ಉತ್ತರ: ಚೀಟಿ ಹರಿಯಬೇಡಿ. ಉಳಿದದ್ದು ಆಮೇಲೆ.

ನಿಮ್ಮ ಪತ್ರದ ಅಕ್ಷರ ಕೊನೆಕೊನೆಗೆ ದಪ್ಪಗಾಗಿದೆ, ಪೆನ್ನು ಒತ್ತಿ ಬರೆದಿದ್ದೀರಿ, ಬಳೆ ಎಂಬ ಪದದ ಹತ್ತಿರ ಕಾಗದ ತೂತಾಗಿದೆ. ಸಿಟ್ಟು ಬಂದಿದೆ ಅಂತ ನೀವು ಎಲ್ಲೂ ಬರೆದಿಲ್ಲ. ನಾನೇ ಬರೆಯುತ್ತೇನೆ, ನಿಮಗೆ ಸಿಟ್ಟು ಬಂದಿದೆ, ಬರಬೇಕಾದದ್ದೇ.

ಕಹಿಯಾದ ಮಾತು ಮೊದಲು ಹೇಳಿಬಿಡುತ್ತೇನೆ. ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ಒಳ್ಳೆಯತನ ಕೊಟ್ಟು ಪರಲೋಕ ಕೊಳ್ಳಲಾಗುವುದಿಲ್ಲ. ಇದು ಅವನ ಹೊಸ ಸಭೆ ಕಂಡುಹಿಡಿದದ್ದೂ ಅಲ್ಲ, ನಿಮ್ಮ ಹಳೆಯ ದೇವಾಲಯ ನಿಂತಿರುವುದೇ ಇದರ ಮೇಲೆ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದಾಗ ಹೊತ್ತು ತಂದದ್ದು ಇದನ್ನೇ. ಅವರಿಗೂ ಮುಂಚೆ ಜರ್ಮನಿಯ ಮಾರ್ಟಿನ್ ಲೂಥರ್ ಮಠದಲ್ಲಿ ಉಪವಾಸ, ಜಾಗರಣೆ ಮಾಡಿ, ಗಂಟೆಗಟ್ಟಲೆ ಪಾಪ ಒಪ್ಪಿಕೊಂಡರೂ ಮನಸ್ಸಿಗೆ ಸಮಾಧಾನ ಸಿಗದೆ ಒದ್ದಾಡಿ, ಕೊನೆಗೆ ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ "ನೀತಿವಂತನು ನಂಬಿಕೆಯಿಂದಲೇ ಬದುಕುವನು" ಎಂಬ ಮಾತು ಹಿಡಿದುಕೊಂಡ. ಪಾಪಕ್ಷಮೆಯ ಚೀಟಿ ದುಡ್ಡಿಗೆ ಮಾರುವುದನ್ನು 1517ರಲ್ಲಿ ಅವನು ಪ್ರಶ್ನಿಸಿದ್ದೂ ಇದೇ ಕಾರಣಕ್ಕೆ. ಆ ಜಗಳದಲ್ಲಿ ಬೇರೆಯಾದ ಕಥೋಲಿಕರು ಮತ್ತು ಲೂಥರನ್ನರು 1999ರಲ್ಲಿ, ನಾವು ಬರೀ ಕೃಪೆಯಿಂದ ದೇವರಿಗೆ ಒಪ್ಪಿಗೆಯಾಗುತ್ತೇವೆ, ನಮ್ಮ ಯೋಗ್ಯತೆಯಿಂದಲ್ಲ ಎಂದು ಜೊತೆಯಾಗಿ ಸಹಿ ಹಾಕಿದರು. ಅಂದರೆ ಈ ವಿಷಯದಲ್ಲಿ ನಿಮ್ಮ ತಮ್ಮನಿಗೆ ನಿಮಗಿಂತ ಜಾಸ್ತಿ ಏನೂ ಗೊತ್ತಿಲ್ಲ. ಹೊಸದಾಗಿ ಗೊತ್ತಾಗಿದೆ, ಅಷ್ಟೇ.

ಕ್ರೈಸ್ತರಲ್ಲದ ಓದುಗರಿಗೆ ಒಂದು ಮಾತು. ಇಲ್ಲಿ ರಕ್ಷಣೆ ಅಂದರೆ ಪಾಪದಿಂದ ಬಿಡುಗಡೆ, ದೇವರ ಜೊತೆ ಮತ್ತೆ ಸಂಬಂಧ. ಅದರ ಬೆಲೆಯನ್ನು ಯೇಸು ಶಿಲುಬೆಯ ಮೇಲೆ ಕೊಟ್ಟಾಗಿದೆ, ನಂಬಿ ಕೈ ಚಾಚುವುದಷ್ಟೇ ಮನುಷ್ಯನ ಕೆಲಸ ಎನ್ನುವುದು ಅವರ ನಂಬಿಕೆ. ನಾನು ಚಿಕ್ಕವಳಿದ್ದಾಗ ಸಂಡೇ ಸ್ಕೂಲಿನಲ್ಲಿ ಹಾಜರಿ ಕಾರ್ಡಿಗೆ ನಕ್ಷತ್ರ ಅಂಟಿಸುತ್ತಿದ್ದರು. ಕಾರ್ಡು ತುಂಬಿದರೆ ಪರಲೋಕ ಗ್ಯಾರಂಟಿ ಅಂತ ಬಹಳ ವರ್ಷ ನಂಬಿದ್ದೆ. ಮಂಗನಬಾವು ಬಂದು ಎರಡು ಭಾನುವಾರ ತಪ್ಪಿದ್ದಕ್ಕೆ ರಾತ್ರಿ ಅತ್ತಿದ್ದೂ ನೆನಪಿದೆ.

ಹಾಗಾದರೆ ನಿಮ್ಮ ಹನ್ನೊಂದು ವರ್ಷ ದಂಡವೇ? ಒಂದು ಕೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಅಮ್ಮನ ಬಟ್ಟೆ ಬದಲಿಸುವಾಗ ಪರಲೋಕಕ್ಕೆ ಇನ್ನೊಂದು ಕಂತು ಕಟ್ಟಿದೆ ಅಂದುಕೊಂಡಿರಾ? ಅಮ್ಮ ಒದ್ದೆಯಲ್ಲಿ ಮಲಗಿದ್ದಳು, ಎದ್ದಿರಿ. ಇಎಂಐ ಕಟ್ಟಿದವರು ತಾನೇ ರಸೀದಿ ಕೇಳಬೇಕು? ತಮ್ಮನ ಮಾತು ಕೇಳಿದ ಮೇಲೆ ಆ ವರ್ಷಗಳನ್ನು ಇಎಂಐ ಥರ ಲೆಕ್ಕ ಹಾಕತೊಡಗಿದ್ದೀರಿ, ಅವನಿಗೆ ಪುಕ್ಕಟೆ, ನನಗೆ ಪೂರ್ತಿ ಬೆಲೆ ಅನ್ನಿಸುತ್ತಿದೆ. ನಂಬಿಕೆಯಿಂದ ರಕ್ಷಣೆ ಎನ್ನುವ ಮಾತು ಸೇವೆಯನ್ನು ಬೆಲೆಯಿಲ್ಲದ್ದು ಅನ್ನುವುದಿಲ್ಲ. ಆ ಸೇವೆಗೆ ಬೆಲೆಚೀಟಿ ಅಂಟಿಸಬೇಡ ಅನ್ನುತ್ತದೆ. ನೀವು ಮಾಡಿದ್ದು ಅಮ್ಮನಿಗಾಗಿ, ಅದು ಅಮ್ಮನಿಗೆ ತಲುಪಿದೆ.

ದುಂದುಗಾರ ಮಗನ ಕತೆ ನಿಮಗೆ ಬಾಯಿಪಾಠವಿರುತ್ತದೆ. ಸಾಕ್ಷಿ ಹೇಳುವವರೆಲ್ಲ ಆಸ್ತಿಯ ಪಾಲು ತೆಗೆದುಕೊಂಡು ಹೋಗಿ, ಎಲ್ಲ ಹಾಳುಮಾಡಿ ವಾಪಸ್ ಬಂದ ಚಿಕ್ಕ ಮಗನ ಭಾಗ ಹೇಳಿ, ತಂದೆ ಓಡಿಬಂದು ಅಪ್ಪಿಕೊಂಡಲ್ಲಿಗೆ ನಿಲ್ಲಿಸುತ್ತಾರೆ. ನೀವು ಮುಂದಿನದು ಓದಿ, ಬೈಬಲಿನ ಲೂಕನ ಸುವಾರ್ತೆ 15ನೇ ಅಧ್ಯಾಯದ ಕೊನೆಯ ಎಂಟು ವಚನ. ಹೊಲದಿಂದ ಬಂದ ದೊಡ್ಡ ಮಗ ಹಾಡು ಕುಣಿತ ಕೇಳಿ ಒಳಗೇ ಹೋಗುವುದಿಲ್ಲ. ಇಷ್ಟು ವರ್ಷ ದುಡಿದ ನನಗೆ ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ ಅಂತ ಅಪ್ಪನನ್ನೇ ಕೇಳುತ್ತಾನೆ. ಆಗ ಅಪ್ಪ ಬೈಯಲಿಲ್ಲ. ಹಬ್ಬದ ಊಟ ಬಿಟ್ಟು ಅವನಿಗಾಗಿಯೂ ಹೊರಗೆ ಬಂದಿದ್ದ, ನನ್ನದೆಲ್ಲಾ ನಿನ್ನದೇ ಅಂದ. ಸಿಟ್ಟು ಬಂದ ಮಾತ್ರಕ್ಕೆ ಮಗತನ ಹೋಗಲಿಲ್ಲ, ನೋಡಿ. ದೊಡ್ಡವನು ಕೊನೆಗೆ ಒಳಗೆ ಹೋದನೋ ಇಲ್ಲವೋ, ಕತೆ ಹೇಳುವುದೇ ಇಲ್ಲ.

ಇನ್ನು ತಾರೀಖು. ಕೆಲವರಿಗೆ ತಾರೀಖು ಇರುತ್ತದೆ, ನಿಜ. ಇಂಗ್ಲೆಂಡಿನ ಜಾನ್ ವೆಸ್ಲಿಗೆ ಇತ್ತು. ಆಗಲೇ ಪಾದ್ರಿಯಾಗಿದ್ದ, ಅಮೆರಿಕಕ್ಕೆ ಮಿಶನರಿಯಾಗಿ ಹೋಗಿ ಸೋತು ಬಂದಿದ್ದ ಮನುಷ್ಯ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ಯಾರೋ ಲೂಥರ್ ಬರೆದದ್ದನ್ನು ಓದುತ್ತಿದ್ದಾಗ ತನ್ನ ಎದೆ ವಿಚಿತ್ರವಾಗಿ ಬೆಚ್ಚಗಾಯಿತು ಎಂದು ಡೈರಿಯಲ್ಲಿ ಬರೆದಿಟ್ಟ. ಈ ಭಾಗ ಎಲ್ಲರೂ ಹೇಳುತ್ತಾರೆ. ಮರುವರ್ಷ ಜನವರಿಯಲ್ಲಿ, ಎಂಟು ತಿಂಗಳೂ ತುಂಬಿರಲಿಲ್ಲ, ಅದೇ ಡೈರಿಯಲ್ಲಿ ಅದೇ ಮನುಷ್ಯ ನಾನೀಗ ಕ್ರೈಸ್ತನಲ್ಲ ಎಂದೂ ಬರೆದ. ಇದನ್ನು ಯಾರೂ ಹೇಳುವುದಿಲ್ಲ! ತಾರೀಖು ಇದ್ದವರಿಗೂ ಮನಸ್ಸು ಅಲುಗಾಡುತ್ತದೆ. ಇನ್ನು ಪೌಲನ ಜೊತೆಗಾರ ತಿಮೊಥೆಯನನ್ನು ನೋಡಿ. ಅವನ ನಂಬಿಕೆ ಮೊದಲು ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ಇತ್ತು ಎಂದು ಪೌಲ ಬರೆಯುತ್ತಾನೆ, ಯಾವ ದಿನ ಅಂತ ಕೇಳುವುದಿಲ್ಲ. ಅಮ್ಮನ ಪಕ್ಕ ಮೊಣಕಾಲೂರಿ ಪ್ರಾರ್ಥನೆ ಕಲಿತವರಿಗೆ ತಾರೀಖು ಎಲ್ಲಿಂದ ಬರಬೇಕು? ಮಾತು ಬಂದ ದಿನ ನಿಮಗೆ ನೆನಪಿದೆಯೇ? ಆದರೂ ಕನ್ನಡ ಮಾತಾಡುತ್ತೀರಿ ಅಲ್ವಾ.

ನೀವು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇವತ್ತು ಯಾರ ಮೇಲೆ ಭಾರ ಹಾಕಿದ್ದೀರಿ? ನಿಮ್ಮ ಹನ್ನೊಂದು ವರ್ಷದ ಮೇಲೋ, ಕ್ರಿಸ್ತನ ಮೇಲೋ? ನಂಬಿಕೆ ಸಾಲದು ಅನ್ನಿಸಿದರೆ ಮಾರ್ಕನ ಸುವಾರ್ತೆಯಲ್ಲಿ ಕಾಯಿಲೆಯ ಮಗನನ್ನು ಯೇಸುವಿನ ಹತ್ತಿರ ತಂದ ಆ ತಂದೆಯಂತೆ ಹೇಳಿ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಅವನ ಅರ್ಧಂಬರ್ಧ ನಂಬಿಕೆಗೇ ಮಗ ವಾಸಿಯಾದ.

ಈಗ ಬಳೆಗೆ ಬರೋಣ. ಇದರಲ್ಲಿ ನಿಮ್ಮ ತಮ್ಮ ಪೂರ್ತಿ ತಪ್ಪು. ದೇವರು ಕ್ಷಮಿಸಿದ್ದು ದೇವರ ಲೆಕ್ಕ. ಅಮ್ಮನ ಬಳೆ ನಿಮ್ಮ ಮನೆಯ ಲೆಕ್ಕ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಬರುವುದಿಲ್ಲ. ಅವನಿಗೆ ಬೈಬಲ್ ಇಷ್ಟ ತಾನೇ, ಜಕ್ಕಾಯನ ಕತೆ ಓದಲು ಹೇಳಿ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಕುಳ್ಳ, ಯೇಸುವನ್ನು ನೋಡಲು ಮರ ಹತ್ತಿದವನು. ಯೇಸು ಅವನ ಹತ್ತಿರ ಮೊದಲು ದುಡ್ಡು ವಾಪಸ್ ಕೊಡು, ಆಮೇಲೆ ಬರುತ್ತೇನೆ ಅನ್ನಲಿಲ್ಲ. ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅಂದ. ಕೃಪೆ ಮುಂಚೆ ಬಂತು, ಪುಕ್ಕಟೆಯಾಗಿ. ಆಮೇಲೆ ಜಕ್ಕಾಯ, ಯಾರೂ ಕೇಳದೆ, ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆ ಅಂದ. ಹಳೆಯದನ್ನು ತಾನೇ ಕೆದಕಿದ. ಈ ಮನೆಗೆ ಇವತ್ತು ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಅದಾದ ಮೇಲೆ. ನಂಬಿಕೆ ನಿಜವಾದರೆ ಅದು ಕೈಗೆ ಇಳಿಯುತ್ತದೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಬೈಬಲಿನಲ್ಲಿ ಯಾಕೋಬ ಬರೆದದ್ದೂ ಇದನ್ನೇ.

ಹಾಗಂತ ಅವನದು ನಾಟಕ ಅಂತ ನಾನು ಹೇಳುತ್ತಿಲ್ಲ. ಎಂಟು ತಿಂಗಳು ಕುಡಿಯದೆ ಇರುವುದು ಸಣ್ಣ ಮಾತಲ್ಲ, ಅದನ್ನು ಅವನೆದುರು ಒಂದು ಸಲ ಬಾಯಿಬಿಟ್ಟು ಹೇಳಿ. ಸುಮ್ನೆ ಚುಚ್ಚಬೇಡಿ. ಹೊಸದಾಗಿ ನಂಬಿದವರಿಗೆ ಒಂದು ಅವಸರ ಇರುತ್ತದೆ, ಎದುರಿಗೆ ಸಿಕ್ಕವರಿಗೆಲ್ಲ ಪರೀಕ್ಷೆ ಇಡುತ್ತಾರೆ. ಹಳೆಯದನ್ನು ಮುಟ್ಟಲು ಅವನಿಗೆ ಭಯವೂ ಇರಬಹುದು.

ಸಾಕ್ಷಿಯ ದಿನಕ್ಕೆ ಮುಂಚೆ, ಬೇರೆ ಯಾರೂ ಇಲ್ಲದಾಗ, ಅವನನ್ನು ಊಟಕ್ಕೆ ಕರೆಯಿರಿ. ಊಟ ಮುಗಿಯಲಿ. ಆಮೇಲೆ ಅಮ್ಮನ ಬೈಬಲ್ ತಂದು ಹೇಳಿ: "ನಿನ್ನನ್ನು ದೇವರು ಕ್ಷಮಿಸಿದ್ದಾನೆ ಅಂತ ನಾನೂ ನಂಬುತ್ತೇನೆ. ಆದರೆ ಬಳೆ ದೇವರದಲ್ಲ, ಅಮ್ಮನದು. ತಿಂಗಳಿಗೆ ಎಷ್ಟು ಕೊಡುತ್ತೀ?" ನಾಲ್ಕು ಪಟ್ಟೇನೂ ಬೇಡ. ಸಾವಿರ ಅಂದರೂ ಒಪ್ಪಿಕೊಳ್ಳಿ, ಶುರುವಾಗಲಿ. ಬೇಡ, ಬಿಟ್ಟುಬಿಡುತ್ತೇನೆ ಅಂತ ನಿಮಗೆ ಮುಂದೊಂದು ದಿನ ಅನ್ನಿಸಿದರೆ ಬಿಡಿ, ಆದರೆ ಬಿಡುವವರು ನೀವಾಗಿರಬೇಕು, ನಿಮ್ಮ ಪರವಾಗಿ ಅವನು ಬಿಟ್ಟುಕೊಳ್ಳುವುದಲ್ಲ.

ಮುಂದಿನ ಬೆಂಚು ಕಡ್ಡಾಯವಲ್ಲ. ಸಭಾಪಾಲಕರಿಗೆ ನನ್ನ ಮಾಮೂಲಿ ಜಾಗದಲ್ಲೇ ಕೂರುತ್ತೇನೆ ಅನ್ನಿ, ಕಾರಣ ಹೇಳುವ ಹಂಗಿಲ್ಲ.

ಮತ್ತೆ, ಗಿರವಿ ಚೀಟಿ ಅವನಿಗೆ ತೋರಿಸುವಾಗ ಜೆರಾಕ್ಸ್ ಕೊಡಿ. ಅಸಲು ಬೈಬಲಿನಲ್ಲೇ ಇರಲಿ.